ಭಾವನ ಬಾಯಿಗೆ ಬಿದ್ದ ಟಾರ್ಚು

ಮೊನ್ನೆ ಪುತ್ತೂರಿನಲ್ಲಿ ಹಲ್ಲಿನ ಡಾಕ್ಟರಮ್ಮ ನನ್ನ ಮುಖದ ಹತ್ತಿರ ಟಾರ್ಚು ತಂದರು ನೋಡಿ, ನಾನು ಟಪ್ಪನೆ ಬಾಯಿ ಮುಚ್ಚಿಬಿಟ್ಟೆ. ಮುರಿದ ದವಡೆಹಲ್ಲು ತೋರಿಸಲು ಬಂದವನು ಹೀಗೆ ಮಾಡಿದರೆ ಅವರಾದರೂ ಏನು ಮಾಡಬೇಕು? "ಬಾಯಿ ತೆರೀಬೇಕು ಅಂಕಲ್," ಎಂದರು. ತೆರೆಯುತ್ತೇನೆ, ಒಂದು ನಿಮಿಷ. ಟಾರ್ಚು ಕಂಡರೆ ನನಗೆ ಯಾಕೆ ಮೈ ಉರಿಯುತ್ತದೆಂದು ಮೊದಲು ನಿಮಗೆ ಹೇಳಿಬಿಡುತ್ತೇನೆ.

ನನ್ನ ಅಕ್ಕನ ಗಂಡ ಬೆಳ್ಳಾರೆಯಲ್ಲಿ ಬಸ್ ಏಜೆಂಟರಾಗಿದ್ದವರು. "ಪುತ್ತೂರು, ಪುತ್ತೂರು" ಎಂದು ಭಾವ ಕೂಗಿದರೆ ಸುಳ್ಯಕ್ಕೆ ಹೋಗಬೇಕಾದವರೂ ಹತ್ತಿ ಕೂರುತ್ತಿದ್ದರಂತೆ. ಬಾಯಿ ತುಂಬ ಎಲೆಯಡಿಕೆ, ಜೊತೆಗೆ ಹೊಗೆಸೊಪ್ಪು. ಬಲಗೆನ್ನೆಯಲ್ಲಿ ಕ್ಯಾನ್ಸರ್ ಬಂತು. ಮಂಗಳೂರಿನಲ್ಲಿ ಅದನ್ನು ಕತ್ತರಿಸಿ ತೆಗೆದು, ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತಂದು ಕೆನ್ನೆಯೊಳಗೆ ಹೊಲಿದರು. ಹೊಸ ಕೆನ್ನೆ ಚೆನ್ನಾಗಿಯೇ ಕೂತಿತು. ಆದರೆ ಕೈಯ ಚರ್ಮ ತನ್ನ ಬುದ್ಧಿ ಬಿಡಲಿಲ್ಲ, ಅದರಲ್ಲಿ ರೋಮ ಬೆಳೆಯಿತು. "ಬಾಯಿಯ ಒಳಗೂ ಗಡ್ಡ ಇರುವವ ಈ ಊರಲ್ಲಿ ನಾನೊಬ್ಬನೇ ಮಾರಾಯ," ಎನ್ನುತ್ತಿದ್ದರು. ಮಾತು ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು.

ಎರಡು ವರ್ಷದ ಬಳಿಕ ನಾಲಿಗೆಯ ಬದಿಯಲ್ಲಿ ಇನ್ನೊಂದು ಹುಣ್ಣು. ಮತ್ತೆ ಕತ್ತರಿಸಿದರೆ ಇರುವಷ್ಟು ಮಾತೂ ಹೋದೀತು ಎಂದರು. ಆಗ ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟರೊಬ್ಬರು ಬೇರೆ ದಾರಿ ತೋರಿಸಿದರು. ಒಂದು ಇಂಜೆಕ್ಷನ್. ಆ ಮದ್ದು ಮೈಯೆಲ್ಲ ಹರಡುತ್ತದೆ, ತಾನಾಗಿ ಏನೂ ಮಾಡುವುದಿಲ್ಲ. ಐದನೆಯ ದಿನ ಹುಣ್ಣಿನ ಮೇಲೆ ಲೇಸರ್ ಬೆಳಕು ಬಿಟ್ಟಾಗ ಎಚ್ಚೆತ್ತು ಅಲ್ಲಿನ ಕ್ಯಾನ್ಸರನ್ನು ಕೊಲ್ಲುತ್ತದೆ. ಬೇರೆ ಜೋರು ಬೆಳಕು ತಾಗಿದರೆ ಒಳ್ಳೆಯ ಚರ್ಮವನ್ನೂ ಬಿಡುವುದಿಲ್ಲ. "ಮನೆಯಲ್ಲಿ ಕತ್ತಲೆ ಮಾಡಿ ಕೂರಿಸಿ," ಎಂದು ಕಳಿಸಿದರು. ಅಕ್ಕನಿಗೆ ಯಾರಿಗೂ ಇಲ್ಲ ಎನ್ನಲು ಬಾರದು. ಹಾಗಾಗಿ ಕಾವಲಿಗೆ ನಾನು ಹೋದೆ.

ಪಕ್ಕದ ಬಟ್ಟೆ ಅಂಗಡಿಯ ಹಸನಬ್ಬ ಕಪ್ಪು ಬಟ್ಟೆ ತಂದು, ತಾವೇ ಸ್ಟೂಲು ಹತ್ತಿ ಕಿಟಕಿಗಳಿಗೆ ಕಟ್ಟಿಕೊಟ್ಟರು. ಹಗಲು ಹೊತ್ತಿನಲ್ಲೇ ಎದುರಿಗಿದ್ದವರ ಮುಖ ಕಾಣದಷ್ಟು ಕತ್ತಲೆ. ನಾನು ಹಿಗ್ಗಿದೆ. ಎಡವಟ್ಟಾದದ್ದೇ ಅಲ್ಲಿ.

ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಹೋಗುವುದೆಂದರೆ ನೋಡಲೇಬೇಕು. ಕೆದಂಬಾಡಿಯಿಂದ, ಕಡಬದಿಂದ, ಉಪ್ಪಿನಂಗಡಿಯಿಂದ ಬ್ರೆಡ್ಡಿನ ಪ್ಯಾಕೆಟು ಹಿಡಿದು ನೆಂಟರು ಬಂದರು. ಒಳಗೆ ಕತ್ತಲೆ. ಕತ್ತಲೆಯಿದ್ದರೆ ಜನ ಏನು ಮಾಡುತ್ತಾರೆ? ಮೊಬೈಲು ತೆಗೆದು ಟಾರ್ಚು ಹಾಕುತ್ತಾರೆ! "ಎಲ್ಲಿ, ಒಮ್ಮೆ ಆ ಮಾಡಿ, ನೋಡುವ."

"ಬೆಳಕು ಬೇಡ ಮಾರಾಯ್ರೆ, ಮೈಯಲ್ಲಿ ಮದ್ದು ಉಂಟು!" ಎಂದು ನಾನು ಹಾರಿ ಕೈ ಅಡ್ಡ ಹಿಡಿಯುತ್ತಿದ್ದೆ.

"ಬಿಸಿಲು ಅಲ್ಲವಲ್ಲ, ಇದು ಮೊಬೈಲಿಂದು."

ಕಡಬದ ಚಿಕ್ಕಪ್ಪನಂತೂ ಸಿಟ್ಟೇ ಆದರು. "ಇಷ್ಟು ದೂರ ಬಂದು ನೋಡದೆ ಹೋಗುದು ಹೇಗೆ? ಮನೆಯಲ್ಲಿ ಕೇಳಿದ್ರೆ ಎಂತ ಹೇಳುದು?" ನಾನು ಅವರಿಗೆ ಹೇಳುವಾಗ ಹಿಂದಿನಿಂದ ಇನ್ನೊಬ್ಬರು ಟಾರ್ಚು ಹಾಕಿಯಾಗಿತ್ತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬಂದವರ ಮುಂದೆ ಎಲೆಯಡಿಕೆಯ ಹರಿವಾಣ ಇಡಬೇಕಲ್ಲ? ಅಕ್ಕ ಇಟ್ಟಳು. ಖಾಲಿಯಾದಾಗಲೆಲ್ಲ ತುಂಬಿಸಿದವನು ನಾನು. ಅದನ್ನೇ ತಿಂದು ಕೆನ್ನೆ ಕಳೆದುಕೊಂಡವರ ಮಂಚದ ಪಕ್ಕ ಕುಳಿತು, ಬಾಯಿ ಕೆಂಪು ಮಾಡಿಕೊಂಡು, "ಪಾಪ, ಇವರಿಗೆ ಯಾಕಾಗಿ ಬಂತೋ," ಎಂದು ಎಲ್ಲರೂ ಮರುಗಿದರು. ನಾನೂ ಜಗಿಯುತ್ತಲೇ ಕಾವಲು ಕಾದೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಅವರಿಗಿಂತ ಹೆಚ್ಚು ನನ್ನ ಮೇಲೆ.

ನಾಲ್ಕನೆಯ ದಿನ ಮಧ್ಯಾಹ್ನ, ಮನೆಯಲ್ಲಿ ನೆಂಟರಿಲ್ಲದ ಹೊತ್ತಿನಲ್ಲಿ, ಭಾವ "ತುಟಿಯ ಒಳಗೆ ಉರಿ" ಎಂದರು. ನನಗೆ ಗಾಬರಿ. ಯಾರ ಬೆಳಕು ತಾಗಿತೋ, ಗುಳ್ಳೆ ಎದ್ದಿತೋ! "ಆ ಮಾಡಿ ಭಾವ," ಎಂದೆ. ಮಾಡಿದರು. ಎಡಕ್ಕೆ, ಬಲಕ್ಕೆ, ನಾಲಿಗೆಯ ಅಡಿಗೆ, ಎಲ್ಲ ಸರಿಯಾಗಿ ನೋಡಿದೆ. ಭಾವ ನನ್ನ ಮಣಿಕಟ್ಟು ಹಿಡಿದು ತಳ್ಳಿದ ಮೇಲೆಯೇ ನನಗೆ ಗೊತ್ತಾದದ್ದು, ನನ್ನ ಕೈಯಲ್ಲೂ ಟಾರ್ಚು ಉರಿಯುತ್ತಿತ್ತು.

"ನೀನೂ ಎಂತ ಮಾರಾಯ!" ಎಂದರು.

ಮರುದಿನ ಆಸ್ಪತ್ರೆಯಲ್ಲಿ ತುಟಿಯ ಗುಳ್ಳೆ ನೋಡಿದ ಡಾಕ್ಟರು, "ಯಾರು ಬೆಳಕು ಹಾಕಿದ್ದು?" ಎಂದು ಗದರಿದರು. "ನೆಂಟರು," ಎಂದೆ. ಭಾವ ನನ್ನ ಮುಖ ನೋಡಿದರು. ಲೇಸರ್ ಮಾಡಿದರು. ಹುಣ್ಣು ಮಾಯಿತು, ತಪಾಸಣೆ ಇನ್ನೂ ನಡೆಯುತ್ತಿದೆ, ಮಾತು ಉಳಿಯಿತು. ಕೆಳತುಟಿಯಲ್ಲಿ ಗುಳ್ಳೆಯ ಕಲೆಯೂ ಉಳಿಯಿತು. ಅದನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಮೊನ್ನೆ ಪುತ್ತೂರಿಗೆ ನನ್ನ ಜೊತೆ ಬಂದದ್ದು ಆ ಭಾವನೇ. ಮೂಲೆಯ ಕುರ್ಚಿಯಿಂದ ತೊದಲು ಮಾತಿನಲ್ಲಿ ಹೇಳಿದರು: "ಎಂತ ಬಾಯಿ ಮುಚ್ಚುದು? ನಿನಗೆ ಇಂಜೆಕ್ಷನ್ ಕೊಟ್ಟಿದ್ದಾರಾ? ಬಿಡು ಬಾಯಿ."

ಬಿಟ್ಟೆ. ಟಾರ್ಚಿನ ಬೆಳಕು ಮುರಿದ ಹಲ್ಲನ್ನು ದಾಟಿ ಎಡಗೆನ್ನೆಗೆ ಬಂತು. ಬಂದದ್ದು ಅಲ್ಲಿಯೇ ನಿಂತಿತು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಬಗ್ಗಿದರು.

"ಎಲೆಯಡಿಕೆ ತಿಂತೀರಾ ಅಂಕಲ್?"

ತೆರೆದ ಬಾಯಲ್ಲಿ ಉತ್ತರ ಹೇಗೆ ಕೊಡುವುದು? ಭಾವ ಎದ್ದು ಬಂದು, ನನ್ನ ಅಂಗಿಯ ಕಿಸೆಯಿಂದ ಎಲೆಯಡಿಕೆಯ ಪೊಟ್ಟಣ ತೆಗೆದು, ಕುರ್ಚಿಯಡಿಯ ಕಸದ ಬುಟ್ಟಿಗೆ ಹಾಕಿದರು.

"ಇವತ್ತಿನವರೆಗೆ ತಿಂತಾ ಇದ್ದ," ಎಂದರು.

ನಾನು ಬಾಯಿ ಇನ್ನೂ ಅಗಲ ಮಾಡಿದೆ.