ಮುನಿರಾಜಪ್ಪನವರ ಮುನ್ನೂರನೇ ದಿನ

ಕಗ್ಗದಾಸಪುರದ ಮುನಿರಾಜಪ್ಪನವರಿಗೆ ಗೊತ್ತಿಲ್ಲದ ವಿಷಯ ಭೂಮಂಡಲದಲ್ಲಿ ಒಂದೂ ಇರಲಿಲ್ಲ. ಇದ್ದರೂ ಅದು ಅವರೆದುರು ಬರಲು ಹೆದರುತ್ತಿತ್ತು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತಮೂರು ವರ್ಷ ಸಾಂಬಾರು ಬಡಿಸಿ ನಿವೃತ್ತರಾದವರು ಅವರು. ಬಡಿಸಿದ್ದನ್ನೆಲ್ಲ ಹಲಸೂರು ಕೆರೆಗೆ ಸುರಿದಿದ್ದರೆ ಕೆರೆ ಮೂರು ಸಲ ಕೋಡಿ ಬಿದ್ದು, ಇಂದಿರಾನಗರದ ಜನ ಮನೆಬಾಗಿಲಲ್ಲೇ ಕೂತು ಇಡ್ಲಿ ಅದ್ದಿಕೊಳ್ಳಬಹುದಿತ್ತು. ಅಷ್ಟು ವರ್ಷ ಇಂಜಿನಿಯರುಗಳ ತಟ್ಟೆಯ ಪಕ್ಕ ನಿಂತು ಕೇಳಿಸಿಕೊಂಡ ಜ್ಞಾನ ತಲೆಯಲ್ಲಿ ತುಂಬಿ ತುಳುಕುತ್ತಿದೆ ಎಂಬುದು ಅವರ ವಾದ. ತುಳುಕಿದ್ದನ್ನು ಒರೆಸುವ ಕೆಲಸ ಮಾತ್ರ ಹೆಂಡತಿ ಮಂಜುಳಮ್ಮನದು.

ಈ ಜ್ಞಾನಕ್ಕೊಂದು ವೇದಿಕೆ ಕೊಟ್ಟವನು ದಿನಸಿ ಅಂಗಡಿಯ ಲಕ್ಷ್ಮಿಕಾಂತ. ಹೊಸ ವರ್ಷಕ್ಕೆ ಗಿರಾಕಿಗಳಿಗೆಲ್ಲ ಪುಕ್ಕಟೆ ಹಂಚಿದ್ದ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಹಾಳೆಯ ಮುಂದೆ ತಾರೀಕು, ರಾಹುಕಾಲ, ಒಂದು ಪ್ರಶ್ನೆ. ಹಿಂದೆ ಅದರ ಉತ್ತರ. ಮುನ್ನೂರ ಅರವತ್ತೈದು ಪ್ರಶ್ನೆಗಳನ್ನೂ ಲಕ್ಷ್ಮಿಕಾಂತನ ಭಾವಮೈದುನ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಒಂದೇ ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ಬರೆದು ಮುಗಿಸಿದ್ದನಂತೆ. ಬಸ್ಸು ಬೇಗ ಬಂದಿದ್ದರೆ ಆ ವರ್ಷ ಏಪ್ರಿಲ್‌ಗೇ ಮುಗಿದುಹೋಗುತ್ತಿತ್ತು.

ಮುನಿರಾಜಪ್ಪನವರ ಮನೆಯಲ್ಲಿ ಆ ಹಾಳೆಗೆ ದೊಡ್ಡ ಮಡಿ. ಸಂಜೆ ಏಳರವರೆಗೆ ಯಾರೂ ಮುಟ್ಟುವಂತಿಲ್ಲ. ಏಳಕ್ಕೆ ಸರಿಯಾಗಿ ನಡುಮನೆಯಲ್ಲಿ ಎಲ್ಲ ಸೇರಬೇಕು: ಮಂಜುಳಮ್ಮ, ಏಳನೇ ಕ್ಲಾಸಿನ ಮೊಮ್ಮಗಳು ಮೋನಿಷಾ, ಮಾಳಿಗೆಯ ರೂಮಿನ ಬಾಡಿಗೆದಾರರಾದ ಭಗವಂತರಾಯ, ಅವನ ಹೆಂಡತಿ ಸುಭದ್ರಮ್ಮ. ಕಲಬುರಗಿ ಕಡೆಯ ಜನ. ಅವನು ಟೈಲ್ಸ್ ಕೂರಿಸುತ್ತಾನೆ, ಅವಳು ಒಂದು ಪಾತ್ರೆ ತುಂಬ ಚುರುಮುರಿ ಕಲಸಿಕೊಂಡು ಬರುತ್ತಾಳೆ. ಚಹಾ ಮಂಜುಳಮ್ಮನ ಕಡೆಯಿಂದ. ಮೋನಿಷಾ ಪ್ರಶ್ನೆ ಓದಬೇಕು, ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡಬೇಕು, ಕೊನೆಗೆ ಮುನಿರಾಜಪ್ಪನವರು ಕಣ್ಣು ಮುಚ್ಚಿ, ಹಿಮಾಲಯದಿಂದ ಇಳಿದು ಬಂದವರ ಹಾಗೆ ಒಂದು ಕೆಮ್ಮು ಕೆಮ್ಮಿ, ಸರಿಯುತ್ತರ ದಯಪಾಲಿಸಬೇಕು.

ನಗು ಬೇಕಾದಷ್ಟಿತ್ತು. ‘ಪ್ರಪಂಚದಲ್ಲಿ ಅತಿ ವೇಗವಾಗಿ ಓಡುವ ಪ್ರಾಣಿ ಯಾವುದು?’ ಎಂದು ಬಂದ ದಿನ ಭಗವಂತರಾಯ ಯೋಚನೆಯನ್ನೇ ಮಾಡದೆ, “ನಮ್ ಮೇಸ್ತ್ರಿ ರೀ. ಶನಿವಾರ ಪಗಾರ ಕೇಳಾಕ ಹೋಗಿ ನೋಡ್ರಿ” ಎಂದಿದ್ದ. ಆ ದಿನದ ನಗೆಗೆ ಎದುರುಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿ ಎದ್ದುಹೋಯಿತು.

ಆದರೆ ಸೋಲೆಂಬುದು ಮುನಿರಾಜಪ್ಪನವರಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಅವರ ‘ಮುಂಜಾನೆಯ ಅಧ್ಯಯನ’. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಮೊಬೈಲಿನ ಟಾರ್ಚು ಹಾಕಿ, ಆ ದಿನದ ಹಾಳೆಯ ತುದಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಂದೆ ಇಣುಕುವುದು. ಇದನ್ನು ಮೋಸ ಎನ್ನುವವರು ಸಣ್ಣ ಮನಸ್ಸಿನವರು. ಪರೀಕ್ಷೆಗೆ ಮೊದಲು ಓದಿಕೊಂಡು ಹೋಗುವುದು ಮೋಸವೇ? ಅವರು ಓದುತ್ತಿದ್ದುದು ಉತ್ತರವನ್ನಷ್ಟೇ, ಅಷ್ಟೇ ವ್ಯತ್ಯಾಸ.

ಹೀಗೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಲಕ್ಷ್ಮಿಕಾಂತ ಒಂದು ದಿನ ಬೇಳೆ ತೂಗುತ್ತಾ, “ಅಪ್ಪೋರೇ, ಒಂದ್ಸಲಾನೂ ಸೋತಿಲ್ವಾ? ಮುನ್ನೂರು ದಿನ ಮಾಡ್ಬಿಡಿ, ರಾಜ್ಯೋತ್ಸವಕ್ಕೆ ನಿಮ್ದೊಂದು ಫ್ಲೆಕ್ಸ್ ಹಾಕಿಸ್ತೀನಿ. ಶಾಲು, ಪೇಟ, ಎಲ್ಲಾ” ಎಂದುಬಿಟ್ಟ.

ಫ್ಲೆಕ್ಸ್! ಕಗ್ಗದಾಸಪುರದಲ್ಲಿ ಹಲ್ಲು ಹುಟ್ಟದ ಕೂಸಿಗೂ ಹುಟ್ಟುಹಬ್ಬದ ಫ್ಲೆಕ್ಸ್ ಇದೆ. ಮುನಿರಾಜಪ್ಪನವರ ವಯಸ್ಸಿನವರದ್ದೂ ಏಳುತ್ತದೆ, ಆದರೆ ಮೇಲೆ ಕಪ್ಪು ಅಂಚು, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಬದುಕಿರುವಾಗಲೇ ಬಣ್ಣದಲ್ಲಿ, ಕೈಮುಗಿದು, ಬಸ್ ಸ್ಟಾಪಿನ ಪಕ್ಕ ನಿಲ್ಲಬೇಕೆಂಬ ಆಸೆ ಅವತ್ತು ಎದೆಯಲ್ಲಿ ಮೊಳೆತು, ತಿಂಗಳೊಳಗೆ ಎದುರಿನ ಅಪಾರ್ಟ್‌ಮೆಂಟಿಗಿಂತ ಎರಡು ಮಹಡಿ ಎತ್ತರ ಬೆಳೆಯಿತು. ನೆಂಟರಿಗೆಲ್ಲ ಫೋನಾಯಿತು. ಮೋನಿಷಾ ಇಡೀ ಕ್ಲಾಸಿಗೆ ಹೇಳಿಕೊಂಡಳು: ನಮ್ಮ ತಾತಂಗೆ ಎಲ್ಲಾ ಗೊತ್ತು.

ಇನ್ನೂರ ತೊಂಬತ್ತೊಂಬತ್ತನೇ ದಿನ, ಅಕ್ಟೋಬರ್ ಇಪ್ಪತ್ತಾರರ ಸಂಜೆ, ಮೋನಿಷಾ ಹಾಳೆ ಓದಿದಳು. “ಜೇಡಕ್ಕೆ ಎಷ್ಟು ಕಾಲು?”

“ಎಂಟು” ಎಂದಳು ತಾನೇ ಮೊದಲು. ಮಂಜುಳಮ್ಮ ಎಂಟು ಎಂದರು. ಗಂಡಹೆಂಡತಿ ಇಬ್ಬರೂ ಎಂಟು ಎಂದರು. ಮುನಿರಾಜಪ್ಪನವರು ಕಣ್ಣು ಮುಚ್ಚಿ ಕೆಮ್ಮಿದರು.

“ಆರು.”

ಚುರುಮುರಿ ಅಗಿಯುವ ಸದ್ದು ನಿಂತಿತು.

“ತಾತ, ಸೈನ್ಸ್ ಬುಕ್ಕಲ್ಲಿದೆ, ಎಂಟು!”

“ನಿಮ್ ಬುಕ್ ಬರ್ಯೋನಿಗೇನ್ ಗೊತ್ತು? ಈ ಕಗ್ಗದಾಸಪುರ ಹೊಲ ಆಗಿದ್ದಾಗ ನಾನು ಸಾವಿರಾರು ಜೇಡ ನೋಡಿದೀನಿ.”

“ಯಜಮಾನ್ರ, ಏನ್ ಹೇಳ್ಲತ್ತೀರಿ?” ಎಂದಳು ಸುಭದ್ರಮ್ಮ. “ತಡೀರಿ, ಒಂದ್ ಹಿಡ್ಕೊಂಡ್ ಬರ್ತೀನಿ. ನಮ್ ಖೋಲ್ಯಾಗ ಬೇಕಾದಷ್ಟ ಅವ. ಸುಣ್ಣ ಹಚ್ಚಸ್ತೀನಿ ಅಂದು ನೀವು ಮೂರು ವರ್ಷ ಆತು, ಅವಾಗಿಂದ ಇವನ್ನ ಸಾಕೀವಿ.”

ಎರಡು ನಿಮಿಷಕ್ಕೆ ಗಾಜಿನ ಲೋಟವೊಂದರಲ್ಲಿ ಜೇಡ ಇಳಿದು ಬಂತು. ಬಾಡಿಗೆ ರೂಮಿನಲ್ಲಿ ಯಾರ ಕಾಟವೂ ಇಲ್ಲದೆ ಬೆಳೆದದ್ದು. ಸ್ವಲ್ಪ ಬಿಟ್ಟಿದ್ದರೆ ಅದಕ್ಕೂ ಆಧಾರ್ ಕಾರ್ಡು ಮಾಡಿಸಬೇಕಾಗುತ್ತಿತ್ತು. ಲೋಟವನ್ನು ಟೀಪಾಯಿಯ ಮೇಲೆ ಬೋರಲು ಹಾಕಿದರು. ಐದು ತಲೆಗಳು ಸುತ್ತ ಬಗ್ಗಿದವು. ಮೋನಿಷಾ ಎಣಿಸಿದಳು, ಭಗವಂತರಾಯ ಎಣಿಸಿದ, ಮಂಜುಳಮ್ಮ ಕನ್ನಡಕ ತಂದು ಎಣಿಸಿದರು. ಎಂಟು. ಒಂದೂ ಕಮ್ಮಿಯಿಲ್ಲ.

“ಮುಂದಿನ ಎರಡು ಕಾಲಲ್ಲ” ಎಂದರು ಮುನಿರಾಜಪ್ಪ, ಗಂಭೀರವಾಗಿ. “ಅವು ಕೈ.”

“ಹಂಗಾರ ನಮ್ಮೂರಾಗ ಎತ್ತಿಗೂ ಎರಡ ಕಾಲು, ಎರಡ ಕೈ ಅಂದಂಗಾತಲ್ರಿ” ಎಂದ ಭಗವಂತರಾಯ.

“ಹಾಳೆ ಹರೀರಿ, ಗೊತ್ತಾಗತ್ತೆ!” ಎಂದು ಸ್ವತಃ ಎದ್ದುಹೋಗಿ, ಹರಿದು, ತಿರುಗಿಸಿ, ಎಲ್ಲರ ಮುಖದ ಮುಂದೆ ಹಿಡಿದರು. ದಪ್ಪಕ್ಷರದಲ್ಲಿತ್ತು: ಉತ್ತರ, ಆರು. “ನೋಡಿದ್ರಾ? ಯಾರು ಗೆದ್ದೋರು?”

ಲೋಟದೊಳಗೆ ಜೇಡ ಎಂಟು ಕಾಲನ್ನೂ ಒಂದೊಂದಾಗಿ ಎತ್ತಿಟ್ಟು ಒಂದು ಪ್ರದಕ್ಷಿಣೆ ಬಂತು. ಕ್ಯಾಲೆಂಡರು ತಪ್ಪು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಇಡೀ ಲೋಕದಲ್ಲಿ ಆ ತಪ್ಪನ್ನು ಅಷ್ಟೇ ಸರಿಯಾಗಿ ಹೇಳಿದವರು ಒಬ್ಬರೇ ಎಂಬುದೂ ನಿಧಾನವಾಗಿ ಕಾಣತೊಡಗಿತು. ಮುನಿರಾಜಪ್ಪನವರ ಕೈಯಲ್ಲಿದ್ದ ಹಾಳೆ ತಾನಾಗಿಯೇ ಕೆಳಗಿಳಿಯಿತು.

ಮೊದಲು ಬಾಯಿಬಿಟ್ಟವರು ಮಂಜುಳಮ್ಮ. “ಅಲ್ರೀ, ನಾಲ್ಕೂವರೆಗೆ ಎದ್ದು ಹಾಲ್‌ನಲ್ಲಿ ಟಾರ್ಚ್ ಹಾಕ್ಕೊಂಡು ನಿಂತಿರ್ತಿದ್ರಲ್ಲಾ... ನಾನು ಧ್ಯಾನ ಮಾಡ್ತಿದೀರಿ ಅಂತ ನಮ್ ಅಕ್ಕಂಗೆಲ್ಲಾ ಹೇಳ್ಕೊಂಡಿದೀನಲ್ಲ!”

“ಮುನ್ನೂರು ದಿನಾನೂನಾ ತಾತ?” ಎಂದಳು ಮೋನಿಷಾ.

“ಇನ್ನೂರ ತೊಂಬತ್ತೊಂಬತ್ತು” ಎಂದು ತಿದ್ದಿದರು ಮುನಿರಾಜಪ್ಪ. ತಿದ್ದಿದ ಮೇಲೆ, ತಿದ್ದಬಾರದಿತ್ತು ಅನ್ನಿಸಿತು. ಯಾರೂ ಬೈಯಲಿಲ್ಲ. ಸುಭದ್ರಮ್ಮ ಲೋಟ, ಜೇಡ ಎರಡನ್ನೂ ಎತ್ತಿಕೊಂಡು ಮೇಲೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಮಾರನೇ ಬೆಳಗ್ಗೆ ಅವರ ಮುಂಜಾನೆಯ ಅಧ್ಯಯನ ರದ್ದಾಯಿತು. ಹತ್ತು ಗಂಟೆಗೆ ಲಕ್ಷ್ಮಿಕಾಂತನ ಫೋನು: “ಫೋಟೋದವ್ನು ಬಂದವ್ನೆ, ಬಂದ್ಬಿಡಿ ಅಪ್ಪೋರೇ!” ಮನೆಯ ನಾಲ್ಕು ಗೋಡೆಯೊಳಗಿನ ಮಾತು ಅಂಗಡಿಗೆ ತಲುಪಿರಲಿಲ್ಲ. ಬೇಡವೆನ್ನಲು ಹೊರಟ ಮುನಿರಾಜಪ್ಪನವರು ಬಿಳಿ ಪಂಚೆ, ಇಸ್ತ್ರಿ ಅಂಗಿ ಹಾಕಿಕೊಂಡೇ ಹೊರಟಿದ್ದರು. ಬೇಡವೆನ್ನುವುದಕ್ಕೂ ಒಂದು ಮರ್ಯಾದೆ ಬೇಡವೇ.

ಅಂಗಡಿ ಮುಂದೆ ಹನ್ನೊಂದು ಜನ ಯಜಮಾನರು ಸಾಲಾಗಿ ನಿಂತಿದ್ದರು. ಎಲ್ಲರೂ ಇಸ್ತ್ರಿ ಅಂಗಿ. ಎಲ್ಲರೂ ಅವರವರ ಮನೆಯಲ್ಲಿ ಇನ್ನೂರ ತೊಂಬತ್ತೊಂಬತ್ತು ದಿನ ಸೋತಿರದ ಸರದಾರರು. ಒಬ್ಬೊಬ್ಬರಿಗೂ ಲಕ್ಷ್ಮಿಕಾಂತ ‘ನಿಮ್ದೊಂದು ಫ್ಲೆಕ್ಸ್’ ಎಂದಿದ್ದ. ಫ್ಲೆಕ್ಸ್ ಒಂದೇ, ತಲೆ ಹನ್ನೆರಡು, ಮಧ್ಯದಲ್ಲಿ ದೊಡ್ಡದಾಗಿ ಲಕ್ಷ್ಮಿಕಾಂತ. ಶಾಲೂ ಒಂದೇ, ಪೇಟವೂ ಒಂದೇ. ಒಬ್ಬರ ಫೋಟೋ ಆದಮೇಲೆ ಬಿಚ್ಚಿ ಇನ್ನೊಬ್ಬರಿಗೆ ಹಾಕುತ್ತಿದ್ದರು.

“ಸುಮ್ನೆ ರೂಲ್ಸ್‌ಗೆ ಕೇಳ್ತೀನಿ” ಎನ್ನುತ್ತಿದ್ದ ಲಕ್ಷ್ಮಿಕಾಂತ ಪ್ರತಿಯೊಬ್ಬರಿಗೂ. “ನಿನ್ನೇದಕ್ಕೆ ಏನ್ ಉತ್ತರ ಕೊಟ್ರಿ?”

“ಆರು” ಎಂದರು ಮೊದಲನೆಯವರು. ಎರಡನೆಯವರೂ ಆರು. ಹನ್ನೊಂದು ಬಾಯಿಂದಲೂ ಆರು ಬಂತು. ಊರಿನ ಅಷ್ಟೂ ಜೇಡಗಳು ಆ ಬೆಳಗ್ಗೆ ಎರಡೆರಡು ಕಾಲು ಕಳೆದುಕೊಂಡವು. ಹನ್ನೊಂದನೆಯವರು ಹಳೆಯ ಗೆಳೆಯ ಅಂಜನಮೂರ್ತಿ. ಅವರು ಶಾಲು ಬಿಚ್ಚಿ ತಾವೇ ಮುನಿರಾಜಪ್ಪನವರ ಹೆಗಲಿಗೆ ಹೊದಿಸಿ, ಕಣ್ಣು ಮಿಟುಕಿಸಿದರು. “ನಾಲ್ಕೂವರೆನಾ ಐದಾ, ನೀನು?” ಎಂದು ಪಿಸುಗುಟ್ಟಿದರು.

ಶಾಲು ಹನ್ನೊಂದು ಕುತ್ತಿಗೆಗಳ ಬೆವರಿಗೆ ಬೆಚ್ಚಗಿತ್ತು. ಪೇಟ ತಲೆಗೆ ಸರಿಯಾಗಿ ಕೂತಿತು. ಕ್ಯಾಮೆರಾ ಎದುರಿಗೇ ಇತ್ತು. ಒಂದೇ ಒಂದು ಪದ. ಅದೂ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಪದ. ಅದು ಅವರ ನಾಲಿಗೆಯ ತುದಿಗೆ ಬಂದು ಚಪ್ಪಲಿ ಹಾಕಿಕೊಂಡು ನಿಂತಿತ್ತು. ‘ಮುನ್ನೂರು ದಿನಾನೂನಾ’ ಎಂದು ಕೇಳಿದವಳು ನವೆಂಬರಿಡೀ ಶಾಲೆಗೆ ಹೋಗುವುದು ಈ ಫ್ಲೆಕ್ಸ್ ಏಳಲಿರುವ ಬಸ್ ಸ್ಟಾಪಿನ ಮುಂದೆಯೇ ಎಂದು ಆಗ ನೆನಪಾಯಿತು.

“ಎಂಟು” ಎಂದರು ಮುನಿರಾಜಪ್ಪ.

“ಅಯ್ಯೋ!” ಎಂದ ಲಕ್ಷ್ಮಿಕಾಂತ. “ಕೊನೇ ಗಳಿಗೇಲಿ ತಪ್ಪು ಹೇಳ್ಬಿಟ್ರಲ್ಲ ಅಪ್ಪೋರೇ!” ಫೋಟೋದವನು ಪೇಟ ತೆಗೆದುಕೊಂಡ. ಹನ್ನೊಂದು ಜನ ಸರ್ವಜ್ಞರು ನಿಜವಾದ ಮರುಕದಿಂದ ಅವರನ್ನು ನೋಡಿದರು. “ಬೇಜಾರ್ ಮಾಡ್ಕೋಬೇಡ್ವೋ. ಎಲ್ರಿಗೂ ಎಲ್ಲಾ ಗೊತ್ತಿರಕ್ಕಾಗತ್ತಾ?” ಎಂದು ಅಂಜನಮೂರ್ತಿ ಬೆನ್ನು ತಟ್ಟಿದರು.

ಅಂದು ಸಂಜೆ ಏಳಕ್ಕೆ ಯಾರೂ ಬರಲಾರರು ಎಂದುಕೊಂಡಿದ್ದರು. ಎಲ್ಲರೂ ಬಂದರು, ಚುರುಮುರಿಯೂ ಬಂತು. ಅಂಗಡಿಯ ಕಥೆಯನ್ನು ಮುನಿರಾಜಪ್ಪನವರೇ ಹೇಳಿದರು. ಶಾಲಿನ ಭಾಗಕ್ಕೆ ಸುಭದ್ರಮ್ಮ ಬಿದ್ದು ಬಿದ್ದು ನಕ್ಕಳು. ಮೋನಿಷಾ ಮಾತ್ರ ನಗದೆ ತಾತನನ್ನೇ ನೋಡುತ್ತಿದ್ದಳು. ಆಮೇಲೆ ಹಾಳೆ ಓದಿದಳು. “ಒಂಟೆಯ ಡುಬ್ಬದಲ್ಲಿ ಏನಿರುತ್ತೆ? ತಾತ, ಇವತ್ತು ನೀವೇ ಫಸ್ಟ್.”

ಮುನಿರಾಜಪ್ಪನವರು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೆಮ್ಮಿದರು. ಒಳಗೆ ಎಷ್ಟು ಹುಡುಕಿದರೂ ಸಾಂಬಾರಿನ ಹೊರತು ಏನೂ ಸಿಗಲಿಲ್ಲ.

“ನಂಗೊತ್ತಿಲ್ಲಮ್ಮ” ಎಂದರು.

ಮಂಜುಳಮ್ಮ ಚಹಾದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟು ಓಡಿಬಂದು, ಜ್ವರವಿದೆಯೇ ಎಂದು ಅವರ ಹಣೆ ಮುಟ್ಟಿ ನೋಡಿದರು.