ಸ್ಪ್ಯಾನರ್ ಅಕ್ಕನ ಸಹಿ

ಬ್ಯಾಟರಿ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸ್ಪ್ಯಾನರ್ ಅಕ್ಕ ಎಂದೇ. ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಸ್ಪ್ಯಾನರ್ ಇದ್ದೇ ಇರುತ್ತಿತ್ತು. ಚಪ್ಪಟೆ ಸೆಲ್ಲುಗಳನ್ನು ಎರಡು ಉಕ್ಕಿನ ತಗಡುಗಳ ನಡುವೆ ಇಟ್ಟು, ನಾಲ್ಕೂ ಮೂಲೆಯ ಬೋಲ್ಟ್ ಬಿಗಿದು, ಐನೂರು ಸಲ ಚಾರ್ಜ್ ತುಂಬಿ ಖಾಲಿ ಮಾಡುವುದು ಅಲ್ಲಿನ ಪದ್ಧತಿ. ಕೊನೆಗೆ ನೂರಕ್ಕೆ ಎಂಬತ್ತು ಪಾಲು ಶಕ್ತಿ ಉಳಿದಿದ್ದರೆ ಪಾಸು. ಅವಳ ಸಹಿ ಬಿದ್ದರೆ ಮಾಲು ಗೇಟಿನಾಚೆ.

ಆ ಸಲದ ಲಾಟ್ ಗಾಲಿಕುರ್ಚಿಗಳಿಗೆ ಹೋಗುವಂಥದ್ದು. ಯಂತ್ರ ಎಂಬತ್ತೆಂಟು ಎಂದಿತು. ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. ಹೋದ ತಿಂಗಳು ಅವಳ ತಮ್ಮನ ಗಾಲಿಕುರ್ಚಿ, ಪೂರ್ತಿ ಚಾರ್ಜ್ ತೋರಿಸುತ್ತಿದ್ದದ್ದು, ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಲಾರಿ ಕೂದಲೆಳೆಯಲ್ಲಿ ತಪ್ಪಿತ್ತು. ಆ ಬ್ಯಾಟರಿಯ ಪಾಸ್ ಚೀಟಿಯ ಮೇಲೆ ಇದ್ದುದು ಅವಳದೇ ಸಹಿ.

ಹೊರಗಾಳಿ ಸೋಕದ ಗಾಜಿನ ಪೆಟ್ಟಿಗೆಗೆ ಜೋಡಿಸಿದ್ದ ಕೈಗವಸಿನೊಳಗೆ ಕೈ ಹಾಕಿ ಆ ಲಾಟಿನ ಒಂದು ಸೆಲ್ ಬಿಚ್ಚಿದಳು. ಒಳಗಿನ ಲೋಹದ ಹಾಳೆಗೆ ಬಳಿದ ಕಪ್ಪು ಲೇಪ ಬಿರುಕುಬಿಟ್ಟು, ಚಿಮುಟ ಸೋಕಿದರೆ ಉದುರುತ್ತಿತ್ತು. ಚಾರ್ಜ್ ತುಂಬಿದಾಗ ಲೇಪದ ಕಣಗಳು ಉಬ್ಬುತ್ತವೆ, ಖಾಲಿಯಾದಾಗ ಕುಗ್ಗುತ್ತವೆ. ಉಬ್ಬಿ ಕುಗ್ಗಿ ಒಡೆಯುತ್ತವೆ. ಹಾಳೆಯ ಹಿಡಿತ ತಪ್ಪಿದ ಚೂರು ವಿದ್ಯುತ್ ಕೊಡದು, ಇದ್ದೂ ಇಲ್ಲದಂತೆ. ಅಂಥ ಚೂರುಗಳನ್ನು ಅದುಮಿ ಹಿಡಿದು ಕಾರ್ಖಾನೆಯ ಮಾನ ಕಾಪಾಡಿದ್ದು ಉಕ್ಕಿನ ತಗಡು! ಕುರ್ಚಿಯಲ್ಲಿ ಆ ತಗಡು ಎಲ್ಲಿಂದ ಬರಬೇಕು? ಇಷ್ಟು ವರ್ಷ ಬಿಗಿದವಳೂ ತಾನೇ, ಸಹಿ ಹಾಕಿದವಳೂ ತಾನೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

ಹನ್ನೆರಡು ಸೆಲ್ಲುಗಳ ಬೋಲ್ಟ್ ಸಡಿಲಿಸಿ, ಮತ್ತೊಮ್ಮೆ ಚಾರ್ಜ್ ತುಂಬಿ ಖಾಲಿ ಮಾಡಿ ಅಳೆದಳು. ಎಂಬತ್ತೆಂಟು ಹೋಗಿ ಅರವತ್ತೊಂದಾಯಿತು.

ಮ್ಯಾನೇಜರ್ ದಡಬಡಿಸಿ ಬಂದ. "ಏನಕ್ಕಾ ಇದು? ಬಿಗಿದೇ ಪರೀಕ್ಷೆ ಮಾಡ್ಬೇಕು ಅಂತ ನಿಯಮದಲ್ಲೇ ಇದೆಯಲ್ಲ!"

"ಇದೆ ಸಾರ್. ಹಾಗಾದ್ರೆ ಪ್ರತಿ ಕುರ್ಚಿ ಜೊತೆ ಈ ತಗಡುಗಳನ್ನೂ ಕಳಿಸಿಬಿಡಿ. ಸ್ಪ್ಯಾನರ್ ಬೇಕಾದ್ರೆ ನಂದೇ ಕೊಡ್ತೀನಿ."

"ತಮಾಷೆ ಸಾಕು. ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ."

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಪೆನ್ನು ಎತ್ತಿಕೊಂಡಳು, ಮ್ಯಾನೇಜರನ ಮುಖ ಅರಳಿತು. "ಬಿಗಿದಾಗ ಎಂಬತ್ತೆಂಟು, ಸಡಿಲಿಸಿದಾಗ ಅರವತ್ತೊಂದು. ನಪಾಸು" ಎಂದು ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದಳು. ಪುಟಗಳಿಗೆ ಅಚ್ಚಿನ ಸಂಖ್ಯೆ ಇದ್ದ ಪುಸ್ತಕ ಅದು, ಹರಿಯುವಂತಿಲ್ಲ. ನಪಾಸಾದ ಲಾಟನ್ನು ಕಾವಲುಗಾರ ಬಿಡುವಂತಿಲ್ಲ. ಮ್ಯಾನೇಜರ್ ಅವಳಿಗೆ ಗೇಟಿನ ಕಡೆ ಕೈ ತೋರಿಸಿದ.

ಮನೆಯಲ್ಲಿ ಅವಳ ತಮ್ಮ ಕುರ್ಚಿ ಉರುಳಿಸಿಕೊಂಡು ಬಾಗಿಲಿಗೇ ಬಂದ. "ಯಾಕಕ್ಕಾ ಇಷ್ಟು ಬೇಗ? ಕೆಲಸ?"

"ಹೋಯ್ತು ಕಣೋ."

"ನೀ ಹೇಳ್ತಿದ್ದ ಆ ಲಾಟು?"

"ಅದೆಲ್ಲಿಗೆ ಹೋಗುತ್ತೆ? ಅಲ್ಲೇ ಬಿದ್ದಿದೆ."

ಜೇಬಿನಿಂದ ಸ್ಪ್ಯಾನರ್ ತೆಗೆದು ಅವನ ಕುರ್ಚಿಯ ಪಕ್ಕ ನೆಲದ ಮೇಲೇ ಕೂತು, ಬ್ಯಾಟರಿಯ ಮುಚ್ಚಳ ಬಿಚ್ಚಿದಳು. ಒಳಗೆ ಅಂಟಿಸಿದ್ದ ಪಾಸ್ ಚೀಟಿಯನ್ನು, ತನ್ನ ಸಹಿ ಚೂರೂ ಉಳಿಯದ ಹಾಗೆ, ಉಗುರಿನಿಂದ ಕೆರೆದು ಕಿತ್ತಳು.