ಭೋಜಣ್ಣನ ಸನ್ಮಾನ ಮತ್ತು ನನ್ನ ಮೊಣಕಾಲು

ನಾನು ನಿಂತಿದ್ದದ್ದು ಉರ್ವದ ಒಂದು ಶಾಲೆಯ ಮೈದಾನದಲ್ಲಿ ಹಾಕಿದ್ದ ವೇದಿಕೆಯ ಎಡತುದಿಯಲ್ಲಿ, ಮೈಕಿನ ಮುಂದೆ. ಕಳೆದ ಡಿಸೆಂಬರಿನ ಒಂದು ಭಾನುವಾರ, ಸಂಜೆ ಏಳೂಕಾಲು. ನನ್ನ ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಭೋಜಣ್ಣ ಕುಳಿತಿದ್ದರು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ನನ್ನ ಮೊಣಕಾಲುಗಳು ಎಲ್ಲಿದ್ದವು ಎಂದು ಮಾತ್ರ ಹೇಳಲಾರೆ. ಅವು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಬಲ್ಲವರು ಇದಕ್ಕೆ ಸಭಾಕಂಪನ ಎಂದು ಹೆಸರಿಟ್ಟಿದ್ದಾರೆ. ಅವರು ಯಾವತ್ತೂ ವೇದಿಕೆ ಹತ್ತಿದವರಲ್ಲ ಎಂದು ನನ್ನ ಗುಮಾನಿ. ಸಭೆ ಎಲ್ಲಿ ಕಂಪಿಸುತ್ತದೆ? ಅದು ನೆಲಗಡಲೆ ತಿನ್ನುತ್ತಾ ಆರಾಮವಾಗಿ ಕುಳಿತಿರುತ್ತದೆ.

ಭೋಜಣ್ಣ ನಮ್ಮ ರೂಟಿನ ಸಿಟಿ ಬಸ್ಸಿನಲ್ಲಿ ತಲೆ ನರೆಯುವವರೆಗೆ ಕಂಡಕ್ಟರ್ ಆಗಿದ್ದವರು. ಯುವಕ ಮಂಡಲದವರು ವಾರ್ಷಿಕೋತ್ಸವಕ್ಕೆ ಅವರನ್ನು ಸನ್ಮಾನಿಸುವುದೆಂದು ನಿಶ್ಚಯಿಸಿದರು. ಅಭಿನಂದನಾ ಭಾಷಣ ನನ್ನ ಪಾಲಿಗೆ ಬಂತು. ಕಾರ್ಯದರ್ಶಿ ದಿನೇಶ ಮನೆಗೇ ಬಂದು, "ಎಂತ ಹೆದರಿಕೆ ಮಾರಾಯ್ರೆ? ನೀವು ಪೇಪರಿಗೆಲ್ಲ ಬರೀತೀರಲ್ಲ!" ಎಂದ. ನಾನು ಬರೆದದ್ದು ಬೀದಿದೀಪದ ಬಗ್ಗೆ ಎರಡು ದೂರು.

ನಮ್ಮೂರಿನವರಿಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಜಗಳದಲ್ಲಿ ನಾವು ತುಳುವರು. ಮೈಕು ಕಂಡ ಕೂಡಲೇ ಪುಸ್ತಕದ ಕನ್ನಡದವರಾಗಿಬಿಡುತ್ತೇವೆ. ಹಾಗಾಗಿ ನಾನು ಒಂದು ವಾರ ಕನ್ನಡಿಯ ಎದುರು "ಸೇವೆಯನ್ನೇ ಉಸಿರಾಗಿಸಿಕೊಂಡ ಸನ್ಮಾನಿತರು" ಎಂದು ಬಾಯಿಪಾಠ ಮಾಡಿದೆ. ಹೆಂಡತಿ ವಿಮಲ ಒಳಗಿನಿಂದ, "ಅದು ಯಾರ ಬಗ್ಗೆ? ಭೋಜಣ್ಣನ ಬಗ್ಗೆಯೇ ಹೌದಾ?" ಎಂದು ಕೇಳಿದಳು.

ಈ ಭಾಷಣ ತಮಾಷೆಯಲ್ಲ ಎಂದು ತಿಳಿದದ್ದು ಆ ಸಂಜೆ. ಭೋಜಣ್ಣನ ಹೆಂಡತಿ ವಾರಿಜಕ್ಕ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿದ್ದರು. ಮಗಳ ಮನೆಯವರು ಕಾಟಿಪಳ್ಳದಿಂದ ಬಂದಿದ್ದರು. ವಾರಿಜಕ್ಕ ನನ್ನನ್ನು ಕರೆದು, "ಇವರಿಗೆ ಜನ ಬೈದದ್ದೇ ಕೇಳಿದ್ದೇನೆ ಅಣ್ಣಾ, ಚಿಲ್ಲರೆ ಇಲ್ಲ ಅಂತ, ಬಸ್ಸು ಲೇಟ್ ಅಂತ. ಇವತ್ತೊಂದು ದಿನ ಒಳ್ಳೆದು ಕೇಳುವ" ಎಂದರು. ಮೊಣಕಾಲು ಶುರುವಾದದ್ದು ಅಲ್ಲಿಂದ.

ನಮ್ಮಲ್ಲಿ ಸನ್ಮಾನಕ್ಕೊಂದು ಕ್ರಮವಿದೆ. ಮೊದಲು ಶಾಲು, ಆಮೇಲೆ ಹಾರ, ತಲೆಗೆ ಪೇಟ, ಮಡಿಲಿಗೆ ಹಣ್ಣಿನ ಬುಟ್ಟಿ. ಮನುಷ್ಯ ಎದ್ದು ಓಡದಂತೆ ಭದ್ರಮಾಡಿಕೊಂಡು ಹೊಗಳಲು ತೊಡಗುವುದು. ಭೋಜಣ್ಣನಿಗೆ ತೊಡಿಸಿದ ಪೇಟ ದೊಡ್ಡದಾಗಿ ಹುಬ್ಬು ದಾಟಿ ಕಣ್ಣಿನ ಮೇಲೆ ಕುಳಿತಿತು. ಬುಟ್ಟಿ ಹಿಡಿದಿದ್ದ ಕೈಗಳಿಂದ ಅದನ್ನು ಸರಿಪಡಿಸುವಂತಿರಲಿಲ್ಲ.

ನಾನು "ಸೇವೆಯನ್ನೇ ಉಸಿರಾಗಿಸಿಕೊಂಡ" ಎಂದೆ. ನಿಂತೆ. ಮುಂದಿನ ಶಬ್ದ ಇರಲಿಲ್ಲ. ಇನ್ನೊಮ್ಮೆ "ಉಸಿರಾಗಿಸಿಕೊಂಡ" ಎಂದೆ. ನನ್ನದೇ ಉಸಿರು ಸ್ಪೀಕರಿನಲ್ಲಿ ಮೈದಾನದ ಕೊನೆಯವರೆಗೂ ಕೇಳಿಸಿತು. ಕಡಲೆ ತಿನ್ನುವವರು ಕಡಲೆ ನಿಲ್ಲಿಸಿದರು. ವಾರಿಜಕ್ಕ ಸೀರೆಯ ಸೆರಗನ್ನು ಹಿಡಿದುಕೊಂಡರು. ಇಳಿದು ಹೋಗಿಬಿಡಲೇ ಎಂದು ಮೆಟ್ಟಿಲು ಎಲ್ಲಿದೆಯೆಂದು ನೋಡಿದ್ದೂ ನಿಜ.

ಆಗ ಬಲಗಡೆಯಿಂದ, ಬುಟ್ಟಿ ಹಿಡಿದ ಕೈಯ ಗೆಣ್ಣಿನಿಂದಲೇ, ಕುರ್ಚಿಯ ಕೈಗೆ ಟಕ್ ಟಕ್ ಎಂದು ಎರಡು ಬಡಿತ. ಹಿಂದೆಯೇ, ಪೇಟದ ಅಡಿಯಿಂದ, ಮೈಕಿನ ಹಂಗಿಲ್ಲದ ಗಂಟಲು:

"ರೈಟ್, ಪೋಯಿ!"

ಉರ್ವದಲ್ಲಿ ಆ ಕೂಗಿಗೆ ಹೊರಡದ ಬಸ್ಸಿಲ್ಲ. ಮೈದಾನ ಗೊಳ್ಳೆಂದಿತು. ನಾನೂ ಹೊರಟೆ. ಬಾಯಿಪಾಠವನ್ನು ಅಲ್ಲೇ ಇಳಿಸಿ, ಬಾಯಿಗೆ ಬಂದ ತುಳುವಿನಲ್ಲಿ ಹೇಳುತ್ತಾ ಹೋದೆ. ಕಾಲಿಡಲು ತೆರಪಿಲ್ಲದ ಬಸ್ಸಿನಲ್ಲಿ "ಹಿಂದೆ ಹೋಗಿ, ಕ್ರಿಕೆಟ್ ಆಡುವಷ್ಟು ಜಾಗ ಉಂಟು" ಎಂದು ಇವರು ನಂಬಿಸುತ್ತಿದ್ದದ್ದು. ನಾನು ಜ್ವರದಲ್ಲಿ ಮಲಗಿದ್ದಾಗ ಸ್ಟಾಪಿನಲ್ಲಿದ್ದ ವಿಮಲಳನ್ನು ಕಿಟಕಿಯಿಂದಲೇ ಕೂಗಿ ವಿಚಾರಿಸಿದ್ದು. ಬಿಕರ್ನಕಟ್ಟೆಗೆ ಹರಕೆಗೆ ಹೊರಟು ತಪ್ಪು ಬಸ್ಸು ಹತ್ತಿದ ಅಜ್ಜಿಯೊಬ್ಬರನ್ನು ಇಳಿಸಿ, ಸರಿಯಾದ ಬಸ್ಸು ಬಂದ ಮೇಲೆ ಹತ್ತಿಸಿ, ಅಷ್ಟರವರೆಗೆ ನಮ್ಮ ಬಸ್ಸನ್ನು ನಿಲ್ಲಿಸಿಕೊಂಡು ನಮ್ಮೆಲ್ಲರ ಬೈಗಳನ್ನು ಒಬ್ಬರೇ ತಿಂದದ್ದು. ವಾರಿಜಕ್ಕ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

ಹೊರಟದ್ದೇನೋ ಸರಿ, ನಿಲ್ಲಲು ಗೊತ್ತಾಗಲಿಲ್ಲ. ಊಟದ ಪರಿಮಳ ಬರತೊಡಗಿದರೂ ನಾನು ಮುಂದಿನ ಸ್ಟಾಪಿಗೆ ಹೋಗುತ್ತಲೇ ಇದ್ದೆ. ಕುರ್ಚಿಗೆ ಒಂದೇ ಬಡಿತ ಬಿತ್ತು. "ಹೋಲ್ಡಾನ್!" ಸಭೆಗೆ ಸಭೆಯೇ ಎದ್ದು ಇಳಿದುಹೋಯಿತು.

ಊಟದ ಸಾಲಿನಲ್ಲಿ ಭೋಜಣ್ಣನನ್ನು ಕೇಳಿದೆ, ನಿಮಗೆ ಕಣ್ಣೇ ಕಾಣುತ್ತಿರಲಿಲ್ಲವಲ್ಲ, ನಾನು ಕಕ್ಕಾಬಿಕ್ಕಿಯಾದದ್ದು ಹೇಗೆ ತಿಳಿಯಿತು?

"ಬಸ್ಸು ಆಫ್ ಆದದ್ದು ಗೊತ್ತಾಗ್ಲಿಕ್ಕೆ ಕಣ್ಣು ಎಂತಕ್ಕೆ ಮಾರಾಯ್ರೆ?" ಎಂದರು.

ಆಮೇಲೆ ನಾನು ಮೂರು ಕಡೆ ಮಾತಾಡಿದ್ದೇನೆ. ಮೊಣಕಾಲು ಈಗಲೂ ನಡುಗುತ್ತದೆ. ಹೊರಡುವ ಮೊದಲು ಯಾವ ಬಸ್ಸಾದರೂ ನಡುಗುತ್ತದೆ ಎಂದುಕೊಂಡು ಬಿಟ್ಟುಬಿಡುತ್ತೇನೆ.

ಇದು ನಡೆದದ್ದೇ ಸುಳ್ಳು ಎನ್ನುವವರು ವಿಚಾರಿಸಬಹುದು. ಕಂಡವರು ದಿನೇಶ, ವಿಮಲ ಮತ್ತು ವಾರಿಜಕ್ಕ. ಪೇಟದ ಕಾರಣದಿಂದ ಭೋಜಣ್ಣನನ್ನು ಕಂಡವರ ಲೆಕ್ಕಕ್ಕೆ ಸೇರಿಸುವಂತಿಲ್ಲ. ಎಲ್ಲರೂ ಬದುಕಿದ್ದಾರೆ. ಆ ಸಂಜೆ ಏಳೂಕಾಲಿಗೆ ಮೈಕಿನ ಮುಂದೆ ನಿಂತಿದ್ದ, ಇನ್ನು ಉಳಿಯುವುದಿಲ್ಲ ಎಂದು ನಾನು ಖಚಿತವಾಗಿ ನಂಬಿದ್ದ ಒಬ್ಬನೂ ಬದುಕಿದ್ದಾನೆ.